ಹೊಳೆ ದಂಡೆಗೆ ರೆಸಾರ್ಟ್ ಬರುತ್ತಿದೆ, ತಡೆಯುವುದು ಎಲ್ಲಿಂದ ಶುರು?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆ, ಶ್ರೀರಂಗಪಟ್ಟಣದಿಂದ ಕೆಳಗೆ ಕಾವೇರಿ ದಂಡೆಯ ಹಳ್ಳಿ. ಊರಿಗೂ ಹೊಳೆಗೂ ನಡುವೆ ಇರುವ ಸುಮಾರು 14 ಎಕರೆಯನ್ನು ಹೊರಗಿನವರು ಕೊಂಡಿದ್ದಾರೆ. ಕಾಟೇಜು, ಈಜುಕೊಳ, ಮದುವೆ ಹಾಲ್ ಎಲ್ಲ ಸೇರಿ ರೆಸಾರ್ಟ್ ಮಾಡುತ್ತಾರಂತೆ. ದಂಡೆಯ ಹಳೇ ಹೊಳೆಮತ್ತಿ ಮರಗಳ ಮೇಲೆ ಈಗಾಗಲೇ ಕೆಂಪು ಬಣ್ಣದಲ್ಲಿ ನಂಬರ್ ಬಿದ್ದಿದೆ. ಅಲ್ಲಿ ನೀರುನಾಯಿ ಇವೆ, ಮೊಸಳೆ ಇವೆ, ಬೇಸಿಗೆಯಲ್ಲಿ ಮರಳುದಿಬ್ಬದ ಮೇಲೆ ಹಕ್ಕಿಗಳು ಮೊಟ್ಟೆ ಇಡುತ್ತವೆ. ನಮ್ಮ ದನ ಮೇಯುವುದೂ, ಮಕ್ಕಳು ಆಡುವುದೂ ಅಲ್ಲೇ. ‘ಅದು ಅಭಯಾರಣ್ಯ ಅಲ್ಲ, ಖಾಸಗಿ ಜಮೀನು, ನೀವೇನೂ ಮಾಡೋಕಾಗಲ್ಲ’ ಎಂದು ಒಂದು ಕಚೇರಿಯಲ್ಲಿ ಹೇಳಿ ಕಳಿಸಿದರು. ಸಾರ್ವಜನಿಕ ವಿಚಾರಣೆ ಆಗುವವರೆಗೆ ಕಾಯೋಣ ಎನ್ನುತ್ತಾರೆ ಊರ ಹಿರಿಯರು. ಕಾಯಬೇಕಾ? ಈಗಲೇ ಏನಾದರೂ ಮಾಡಬಹುದಾ?

ಉತ್ತರ: ಕಾಯಬೇಡಿ. ಮೊದಲ ಮಾತೇ ಇದು, ಯಾಕೆಂದರೆ ನಿಮ್ಮ ಹಿರಿಯರು ಕಾಯುತ್ತಿರುವ ಆ ವಿಚಾರಣೆ ಬಹುಶಃ ಬರುವುದೇ ಇಲ್ಲ.

ಪರಿಸರ ಅನುಮತಿಯ ಲೆಕ್ಕ ನಡೆಯುವುದು ಕೇಂದ್ರ ಸರ್ಕಾರದ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಮೇಲೆ. ಅದರ ಪ್ರಕಾರ ಕಟ್ಟಡ ಯೋಜನೆಗೆ ಪರಿಸರ ಅನುಮತಿ ಬೇಕಾಗುವುದು ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದಾಗ. ನಿಮ್ಮೂರಿನ 14 ಎಕರೆ ಅಂದರೆ ಹತ್ತಿರ ಹತ್ತಿರ 56,600 ಚದರ ಮೀಟರ್ ಜಮೀನು. ಆದರೆ ನಿಯಮ ನೋಡುವುದು ಜಮೀನನ್ನಲ್ಲ, ಅದರ ಮೇಲೆ ಎದ್ದ ಕಟ್ಟಡವನ್ನು. ನಲವತ್ತು ಕಾಟೇಜು, ಒಂದು ಹಾಲ್, ಒಂದು ಅಡುಗೆಮನೆ ಕಟ್ಟಿದರೂ ಈ ಗಡಿ ದಾಟುವುದಿಲ್ಲ. ಒಂದು ವೇಳೆ ದಾಟಿದರೂ, ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳಿಗೆ ಅದೇ ಅಧಿಸೂಚನೆ ಸಾರ್ವಜನಿಕ ವಿಚಾರಣೆಯಿಂದ ವಿನಾಯಿತಿ ಕೊಟ್ಟಿದೆ. ಗಣಿಗೋ ಅಣೆಕಟ್ಟಿಗೋ ಆದರೆ ಶಾಮಿಯಾನ ಹಾಕಿ, ಮೈಕ್ ಇಟ್ಟು ಜನರ ಮಾತು ಕೇಳುತ್ತಾರೆ. ರೆಸಾರ್ಟಿಗೆ ಅದಿಲ್ಲ. ಎಷ್ಟೋ ಊರುಗಳು ‘ವಿಚಾರಣೆ ಬರಲಿ, ಆಗ ನೋಡ್ಕೋತೀವಿ’ ಎಂದು ಕೂತಿರುತ್ತವೆ. ಅಷ್ಟರಲ್ಲಿ ಜೆಸಿಬಿ ಬಂದಿರುತ್ತದೆ.

ಸಮುದ್ರದಂಡೆಯ ಊರುಗಳಿಗೆ ಇರುವ ಕರಾವಳಿ ನಿಯಂತ್ರಣ ವಲಯದ ರಕ್ಷಣೆಯೂ ನಿಮಗಿಲ್ಲ. ಆ ನಿಯಮ ಉಬ್ಬರವಿಳಿತದ ಉಪ್ಪುನೀರು ಮುಟ್ಟುವಷ್ಟು ದೂರ ಮಾತ್ರ ನದಿಯೊಳಗೆ ಬರುತ್ತದೆ. ಕೇರಳದ ವೇಂಬನಾಡು ಹಿನ್ನೀರಿನ ನೆಡಿಯತುರುತ್ತ್ ದ್ವೀಪದಲ್ಲಿ ಕಟ್ಟಿದ್ದ ದೊಡ್ಡ ರೆಸಾರ್ಟನ್ನು ಒಡೆಯಬೇಕೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿತಲ್ಲ, ಅದು ನಿಂತಿದ್ದು ಈ ಕರಾವಳಿ ನಿಯಮದ ಬಲದ ಮೇಲೆ. ಒಳನಾಡಿನ ಹೊಳೆದಂಡೆಗೆ ಇಡೀ ದೇಶಕ್ಕೆ ಅನ್ವಯಿಸುವ ಅಂಥದ್ದೊಂದು ವಲಯ ಬಂದಿಲ್ಲ. ಇದು ದೊಡ್ಡ ಕೊರತೆ. ಇಷ್ಟು ನದಿಗಳನ್ನು ಪೂಜಿಸುವ ದೇಶದಲ್ಲಿ ನದಿದಂಡೆಗೆ ಒಂದು ನೆಟ್ಟಗಿನ ಕಾನೂನು ಇಲ್ಲ ಎನ್ನುವುದು ನನಗೆ ಬಹಳ ನೋವಿನ ವಿಷಯ.

ಹಾಗಂತ ‘ಏನೂ ಮಾಡೋಕಾಗಲ್ಲ’ ಅನ್ನುವುದು ಸರಿಯಲ್ಲ. ಒಂದೇ ದೊಡ್ಡ ಬಾಗಿಲು ಇಲ್ಲ, ಅಷ್ಟೇ. ಸಣ್ಣಸಣ್ಣ ಬಾಗಿಲು ಹಲವು ಇವೆ. ಅವುಗಳಲ್ಲಿ ಯಾವುದರಿಂದ ಒಳಗೆ ಹೋಗಬೇಕಾದರೂ ನಿಮ್ಮ ಕೈಯಲ್ಲಿ ಒಂದು ವಸ್ತು ಇರಬೇಕು: ಆ ಜಾಗದ ದಾಖಲೆ. ನದಿಗಳ ಜೊತೆ ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ನನಗೆ ಖಚಿತವಾದ ಮಾತು ಇದೊಂದೇ. ಯೋಜನೆ ಕಾಗದದ ಮೇಲೆ ಗಟ್ಟಿಯಾಗುವ ಮೊದಲು ಜಾಗ ಕಾಗದದ ಮೇಲೆ ಬಂದಿರಬೇಕು. ನೀರುನಾಯಿ ಇದೆ ಎನ್ನುವುದು ಊರಿಗೆಲ್ಲ ಗೊತ್ತು. ಆದರೆ ಕಡತದಲ್ಲಿ ಇಲ್ಲದ ನೀರುನಾಯಿ ಅಧಿಕಾರಿಗೆ ಕಾಣುವುದಿಲ್ಲ, ನ್ಯಾಯಾಧೀಶರಿಗಂತೂ ಕಾಣುವುದೇ ಇಲ್ಲ.

ಇದಕ್ಕೆ ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. ಹಂಪಿಯ ಎದುರು ದಡದಲ್ಲಿ, ತುಂಗಭದ್ರೆಯ ನಡುಗಡ್ಡೆ ವಿರುಪಾಪುರ ಗಡ್ಡೆ ನಿಮಗೆ ಗೊತ್ತಿರಬಹುದು. ಗದ್ದೆಗಳಿದ್ದ ಆ ಜಾಗದಲ್ಲಿ ವರ್ಷಗಳ ಕಾಲ ಒಂದರ ಪಕ್ಕ ಒಂದು ರೆಸಾರ್ಟ್, ಹೋಟೆಲ್ ಎದ್ದವು. ಅಲ್ಲಿನ ಮಾಲೀಕರದ್ದೂ ಅದೇ ವಾದ: ಪಟ್ಟಾ ಜಮೀನು, ನಮ್ಮ ಇಷ್ಟ. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಮಾರ್ಚ್ ತಿಂಗಳಲ್ಲಿ ಕಟ್ಟಡಗಳು ನೆಲಸಮವಾದವು. ಕೋರ್ಟ್ ಯಾವುದನ್ನು ಆಧಾರ ಮಾಡಿಕೊಂಡಿತು ಗೊತ್ತಾ? 1988ರ ಒಂದು ಅಧಿಸೂಚನೆಯನ್ನು. ಪ್ರಾಚೀನ ಸ್ಮಾರಕಗಳ ರಾಜ್ಯ ಕಾಯ್ದೆಯ ಅಡಿಯಲ್ಲಿ ಆ ಊರು ಸಂರಕ್ಷಿತ ಪ್ರದೇಶದ ಪಟ್ಟಿಯೊಳಗೆ ಸೇರಿತ್ತು. ತೀರ್ಪಿಗೂ ಮೂವತ್ತೆರಡು ವರ್ಷ ಮೊದಲು ಯಾರೋ ಹೆಸರು ಬರೆದು ಇಟ್ಟಿದ್ದಕ್ಕೆ ಹೊಳೆಯ ನಡುವಿನ ಒಂದು ನಡುಗಡ್ಡೆ ಉಳಿಯಿತು. ಗಮನಿಸಿ, ಅಲ್ಲಿ ಗೆದ್ದಿದ್ದು ವನ್ಯಜೀವಿ ಕಾನೂನು ಅಲ್ಲ, ಸ್ಮಾರಕದ ಕಾನೂನು. ನಿಮ್ಮದೂ ಶ್ರೀರಂಗಪಟ್ಟಣದ ಸೀಮೆ. ಹತ್ತಿರದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಯಾವುದಾದರೂ ಇದ್ದರೆ, ಅದರ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅಲ್ಲಿಂದಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. ಹಳೇ ಕೋಟೆ, ಮಂಟಪ, ಸೇತುವೆ ಏನಿದ್ದರೂ ಒಮ್ಮೆ ವಿಚಾರಿಸಿ ನೋಡಿ.

ಈಗ ನಿಮ್ಮ 14 ಎಕರೆಗೆ ಬರೋಣ. ‘ಖಾಸಗಿ ಜಮೀನು’ ಎನ್ನುವ ಮಾತನ್ನು ಹಾಗೇ ನುಂಗಬೇಡಿ. ಅದರಲ್ಲಿ ಎಷ್ಟು ಖಾಸಗಿ, ಎಷ್ಟು ಸರ್ಕಾರದ್ದು ಎಂದು ಅಳೆದು ನೋಡಬೇಕು. ಪಹಣಿಯನ್ನು ಭೂಮಿ ತಂತ್ರಾಂಶದಲ್ಲಿ ನೀವೇ ತೆಗೆಯಬಹುದು. ಅದರಲ್ಲಿ ಒಟ್ಟು ವಿಸ್ತೀರ್ಣದ ಕೆಳಗೇ ‘ಎ’ ಖರಾಬು, ‘ಬಿ’ ಖರಾಬು ಎಂದು ಎರಡು ಸಾಲು ಇರುತ್ತವೆ. ‘ಎ’ ಖರಾಬು ಸಾಗುವಳಿಗೆ ಬಾರದ ನೆಲ, ಅದು ಜಮೀನಿನ ಜೊತೆಗೇ ಹೋಗುತ್ತದೆ. ‘ಬಿ’ ಖರಾಬು ಹಾಗಲ್ಲ. ದಾರಿ, ಹಳ್ಳ, ಕಾಲುವೆ, ಸ್ಮಶಾನ, ಹೀಗೆ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ ಅದು. ಅದನ್ನು ಮಾರುವ ಹಕ್ಕು ಯಾವ ಖಾತೆದಾರರಿಗೂ ಇಲ್ಲ. ಇನ್ನು ಹೊಳೆಯ ಪಾತ್ರ ಅಂತೂ ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ ಸರ್ಕಾರದ ಆಸ್ತಿ.

ಪಹಣಿ ಒಂದೇ ಸಾಲದು. ಗ್ರಾಮ ನಕಾಶೆ, ಆಕಾರ್‌ಬಂದ್ (ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದ ಪುಸ್ತಕ), ಆ ಸರ್ವೆ ನಂಬರಿನ ಮೂಲ ಟಿಪ್ಪಣಿ (ಅಳತೆಯ ನಕ್ಷೆ) ಮೂರನ್ನೂ ಸರ್ವೆ ಇಲಾಖೆಯಿಂದ ನಕಲು ತೆಗೆಸಿ. ಹಳೇ ನಕಾಶೆಯಲ್ಲಿ ಹೊಳೆ ಎಲ್ಲಿತ್ತು, ಅದಕ್ಕೆ ಸೇರುವ ಹಳ್ಳ ಯಾವುದು, ಊರಿಂದ ಹೊಳೆಗೆ ಇಳಿಯುವ ಬಂಡಿದಾರಿ ಯಾವುದು, ಎಲ್ಲ ಗೆರೆ ಎಳೆದಿರುತ್ತದೆ. ನಿಮ್ಮ ದನ ನೀರಿಗೆ ಇಳಿಯುವ ದಾರಿ ನಕಾಶೆ ಕಂಡ ದಾರಿಯಾಗಿದ್ದರೆ ಅದಕ್ಕೆ ಬೇಲಿ ಹಾಕಲು ಯಾರಿಗೂ ಅಧಿಕಾರವಿಲ್ಲ. ಬೇಲಿ ಬಿದ್ದರೆ ತಹಶೀಲ್ದಾರರು ತೆಗೆಸಿಕೊಡಬೇಕು. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ದಂಡೆಯ ಮೇಲೆ ನಡೆಯಿರಿ. ನೀವು ನಿಂತಿರುವ ಸರ್ವೆ ನಂಬರ್ ಅದೇ ತೋರಿಸುತ್ತದೆ. ಆ ಆ್ಯಪ್ ಅಂದಾಜಿಗೆ ಮಾತ್ರ. ಅರ್ಜಿಯಲ್ಲಿ ಅದನ್ನೇ ಪುರಾವೆ ಎಂದು ಕೊಡಬೇಡಿ, ಗಡಿ ಅಳೆದು ಗುರುತಿಸುವ ಹದ್ದುಬಸ್ತು ಸರ್ವೆಗೆ ಅರ್ಜಿ ಹಾಕಲು ಕಾರಣವಾಗಿ ಬಳಸಿ. ಕೆಂಪು ನಂಬರ್ ಬಿದ್ದ ಆ ಹೊಳೆಮತ್ತಿ ಮರಗಳು ಪಟ್ಟಾ ಜಮೀನಿನಲ್ಲಿವೆಯೋ ಹೊಳೆಯ ಸರ್ಕಾರಿ ನೆಲದಲ್ಲಿವೆಯೋ ಎನ್ನುವುದು ಈ ಸರ್ವೆಯಲ್ಲೇ ಗೊತ್ತಾಗುವುದು. ದಂಡೆಯ ಅಂಚಿನ ದೊಡ್ಡ ಮರಗಳು ಗಡಿ ಗೆರೆಯ ಆಚೆಗೆ ಬಿದ್ದರೆ ಅವು ಸರ್ಕಾರದ ಮರ. ಪಟ್ಟಾದೊಳಗೆ ಬಿದ್ದರೂ 1976ರ ಮರ ಸಂರಕ್ಷಣಾ ಕಾಯ್ದೆಯ ಅಡಿ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿಯ ಪ್ರಶ್ನೆ ಬರುತ್ತದೆ. ಮರಗಳ ಫೋಟೋ, ಸುತ್ತಳತೆ, ನಂಬರ್ ಬರೆದ ಒಂದು ಆಕ್ಷೇಪಣಾ ಪತ್ರವನ್ನು ಇದೇ ವಾರ ಅವರಿಗೆ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನೀವು ಬರೆದ ಎಲ್ಲದರಲ್ಲಿ ಇದಕ್ಕೇ ತುರ್ತು ಜಾಸ್ತಿ, ಮರ ಒಮ್ಮೆ ಬಿದ್ದರೆ ಮುಗೀತು.

ಎರಡನೇ ದಾಖಲೆ ಜೀವಿಗಳದ್ದು. ಇದನ್ನು ಹೊರಗಿನ ವಿಜ್ಞಾನಿ ಬಂದೇ ಮಾಡಬೇಕು ಅಂತೇನಿಲ್ಲ. ನೀವು ದಿನಾ ನೋಡುವುದನ್ನು ದಿನಾಂಕ ಹಾಕಿ ಬರೆದಿಡುವ ಕೆಲಸ ಇದು.

ನೀರುನಾಯಿಯಿಂದ ಶುರು ಮಾಡಿ. ಕಾವೇರಿಯ ಈ ಭಾಗದಲ್ಲಿ ಇರುವುದು ನಯವಾದ ತುಪ್ಪಳದ ದೊಡ್ಡ ನೀರುನಾಯಿ, ಕುಟುಂಬವಾಗಿ ಓಡಾಡುವ ಜಾತಿ. ಪ್ರಾಣಿ ಕಣ್ಣಿಗೆ ಬೀಳದಿದ್ದರೂ ಗುರುತು ಸಿಗುತ್ತದೆ. ನೀರಂಚಿನ ಚಪ್ಪಟೆ ಬಂಡೆ, ಹಳ್ಳ ಬಂದು ಸೇರುವ ಮೂಲೆ, ಮರದ ಬೇರಿನ ಕೆಳಗಿನ ಮರಳು, ಇಂಥ ಕಡೆ ಬೆಳಿಗ್ಗೆ ಬೇಗ ಹೋಗಿ ನೋಡಿ. ಇಡೀ ಗುಂಪು ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಹೊಸದಾಗಿದ್ದರೆ ಕಪ್ಪಗೆ, ಒದ್ದೆಯಾಗಿ, ಮೀನಿನ ಕಟು ವಾಸನೆ ಬರುತ್ತದೆ. ಎರಡು ಮೂರು ದಿನ ಬಿಸಿಲು ತಾಗಿದ ಮೇಲೆ ಬೂದು ಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ, ಒಳಗೆ ಮೀನಿನ ಹುರುಪೆ, ಸಣ್ಣ ಮುಳ್ಳು, ಏಡಿಯ ಚಿಪ್ಪಿನ ಚೂರು ಮಿನುಗುತ್ತವೆ. ಪಕ್ಕದ ಮರಳಿನಲ್ಲಿ ಹೊರಳಾಡಿದ ಗುರುತು ಇರುತ್ತದೆ. ಹೆಜ್ಜೆ ನೋಡಿ: ಊರ ನಾಯಿಯದರಲ್ಲಿ ನಾಲ್ಕು ಬೆರಳು ಮೂಡುತ್ತವೆ, ನೀರುನಾಯಿಯದರಲ್ಲಿ ಐದು, ಹಸಿ ಮರಳಾದರೆ ಬೆರಳ ನಡುವಿನ ಚರ್ಮದ ಗೆರೆಯೂ. ಒಂದು ಬೆಂಕಿಪೊಟ್ಟಣವನ್ನೋ ಸ್ಕೇಲನ್ನೋ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ. ಫೋನಿನಲ್ಲಿ ಲೊಕೇಶನ್ ಆನ್ ಇರಲಿ. ಅದೇ ಬಂಡೆಗೆ ಮತ್ತೆ ಮತ್ತೆ ಹೋಗಿ. ಒಂದು ದಿನದ ಫೋಟೋ ‘ಯಾವುದೋ ಪ್ರಾಣಿ ಹಾದುಹೋಯಿತು’ ಎಂದಾಗುತ್ತದೆ. ಆರು ತಿಂಗಳ ಫೋಟೋಗಳು ‘ಇದು ಅದರ ಮನೆ’ ಎಂದು ಹೇಳುತ್ತವೆ. ಚಳಿಗಾಲದಲ್ಲಿ ಮರಿ ಜೊತೆಗಿದ್ದ ಗುಂಪು ಕಂಡರೆ ಅದನ್ನು ವಿಶೇಷವಾಗಿ ಬರೆದಿಡಿ.

ಈ ಪ್ರಾಣಿ ಅಳಿವಿನ ಅಪಾಯದ ಪಟ್ಟಿಯಲ್ಲಿದೆ. ಅಂತರರಾಷ್ಟ್ರೀಯ ವ್ಯಾಪಾರವನ್ನು ತಡೆಯುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ 2019ರಲ್ಲಿ ಅದನ್ನು ಏರಿಸಿದರು. ತುಂಗಭದ್ರೆಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರನ್ನು ನಮ್ಮ ಸರ್ಕಾರವೇ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದೆ. ಆದ್ದರಿಂದ ‘ನೀರುನಾಯಿಗೋಸ್ಕರ ಹೊಳೆ ಉಳಿಸೋದಾ’ ಎಂದು ಯಾರಾದರೂ ಕೇಳಿದರೆ, ಹೌದು, ಈ ರಾಜ್ಯದಲ್ಲಿ ಅದು ಆಗಲೇ ನಡೆದಿರುವ ವಿಷಯ ಎಂದು ಹೇಳಿ.

ಮೊಸಳೆ, ಹಕ್ಕಿಗಳಿಗೆ ಬೇರೆ ಕ್ಯಾಲೆಂಡರು. ಮೊಸಳೆ ಫೆಬ್ರುವರಿಯಿಂದ ಏಪ್ರಿಲ್ ಒಳಗೆ ದಂಡೆಯ ಇಳಿಜಾರಿನ ಮಣ್ಣಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ. ಮರಿ ಬರಲು ಸುಮಾರು ಎರಡು ತಿಂಗಳು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಷೆಡ್ಯೂಲಿನಲ್ಲಿರುವ ಪ್ರಾಣಿ ಅದು. ಅದು ಖಾಸಗಿ ಜಮೀನಿನಲ್ಲಿದ್ದರೂ ಅದನ್ನು ಕೊಲ್ಲುವುದು, ಅದರ ಮೊಟ್ಟೆ ನಾಶ ಮಾಡುವುದು ಅಪರಾಧವೇ. ಮರಳುದಿಬ್ಬದ ಹಕ್ಕಿ ನೀವು ಹೇಳಿದ್ದು ನೋಡಿದರೆ ರೀವ ಇರಬೇಕು. ಹಳದಿ ಕೊಕ್ಕು, ಕಪ್ಪು ಟೋಪಿ, ಕವಲು ಬಾಲ. ಅದು ಗೂಡು ಅಂತ ಕಟ್ಟುವುದೇ ಇಲ್ಲ, ಬೇಸಿಗೆಯ ಒಣ ಮರಳಿನ ಮೇಲೆ ನೇರ ಮೊಟ್ಟೆ ಇಡುತ್ತದೆ. ಒಂದು ಬೀದಿನಾಯಿ ದಿಬ್ಬಕ್ಕೆ ದಾಟಿದರೆ ಒಂದೇ ಬೆಳಗ್ಗೆಯಲ್ಲಿ ಎಲ್ಲ ಹೋಗುತ್ತದೆ. ಹಾಗಾಗಿ ದಿಬ್ಬದ ಮೇಲೆ ನೀವೂ ನಡೆಯಬೇಡಿ. ದಡದಿಂದಲೇ ಎಣಿಸಿ.

ಒಂದು ಎಚ್ಚರಿಕೆ. ನೀರುನಾಯಿಯ ಬಿಲ, ಮೊಸಳೆಯ ಮೊಟ್ಟೆಗುಂಡಿ ಇರುವ ಕರಾರುವಾಕ್ ಜಾಗವನ್ನು ವಾಟ್ಸಾಪ್‌ನಲ್ಲೋ ಫೇಸ್‌ಬುಕ್‌ನಲ್ಲೋ ಹಾಕಬೇಡಿ. ಚರ್ಮಕ್ಕಾಗಿ ಬರುವವರು ಇದ್ದಾರೆ, ಸಿಡಿಮದ್ದು ಹಾಕಿ ಮೀನು ಹಿಡಿಯುವವರು ಇದ್ದಾರೆ. ಜೀವಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್‌ನಲ್ಲಿ ಸ್ಥಳ ಮರೆಮಾಡುವ ಆಯ್ಕೆ ಇದೆ, ಅದನ್ನು ಬಳಸಿ. ಹಕ್ಕಿಗಳಿಗೆ ಇ-ಬರ್ಡ್ ಇದೆ. ಈ ಎರಡರಲ್ಲೂ ದಿನಾಂಕದ ಜೊತೆ ದಾಖಲಾಗುವುದರಿಂದ, ‘ಗಲಾಟೆ ಶುರುವಾದ ಮೇಲೆ ಹುಟ್ಟಿಸಿಕೊಂಡ ಕಥೆ’ ಎಂದು ಯಾರೂ ಹೇಳಲು ಬರುವುದಿಲ್ಲ.

ಇಷ್ಟು ಕೂಡಿಸಿದ್ದನ್ನು ಎಲ್ಲಿ ಇಡಬೇಕು? ನಿಮ್ಮ ಗ್ರಾಮ ಪಂಚಾಯ್ತಿಯಲ್ಲೇ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕ ಬರೆಯಬೇಕು. ಎಷ್ಟೋ ಕಡೆ ಈ ಸಮಿತಿ ಹೆಸರಿಗಷ್ಟೇ ಇದೆ. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ, ಸಭೆ ಕರೆಸಿ, ನಿಮ್ಮ ಪಟ್ಟಿಯನ್ನು ಆ ಪುಸ್ತಕಕ್ಕೆ ಸೇರಿಸಿ. ತೆಪ್ಪ ಹಾಕುವ ಬೆಸ್ತರನ್ನು ಸಭೆಗೆ ಕರೆಯಲೇಬೇಕು. ಯಾವ ಮಡುವಿನಲ್ಲಿ ಯಾವ ಮೀನು, ಯಾವ ತಿಂಗಳಲ್ಲಿ ಮೊಟ್ಟೆ ಬಿಡುತ್ತದೆ ಎಂದು ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಕಾವೇರಿಯ ದೊಡ್ಡ ಮಹಸೀರ್ ಬೇರೆ ಎಲ್ಲೂ ಇಲ್ಲದ, ತೀವ್ರ ಅಳಿವಿನಂಚಿನ ಮೀನು. ಅದು ನಿಮ್ಮ ಮಡುವಿನಲ್ಲಿ ಸಿಕ್ಕಿದ್ದು ಅವರಲ್ಲಿ ಯಾರಿಗಾದರೂ ನೆನಪಿದ್ದರೆ, ಆ ಹೇಳಿಕೆಯನ್ನು ಹೆಸರು, ಸಹಿಯ ಸಮೇತ ಪುಸ್ತಕದಲ್ಲಿ ಬರೆಸಿ.

ಅದಾದ ಮೇಲೆ ಗ್ರಾಮಸಭೆ. ನಿರ್ಣಯ ಬರೆಯುವಾಗ ‘ರೆಸಾರ್ಟ್ ಬೇಡ’ ಎಂದು ಒಂದೇ ಸಾಲು ಬರೆದು ಮುಗಿಸಬೇಡಿ. ಸರ್ವೆ ನಂಬರ್, ‘ಬಿ’ ಖರಾಬಿನ ಗುಂಟೆ ಲೆಕ್ಕ, ಬಂಡಿದಾರಿ, ದನಗಳ ಸಂಖ್ಯೆ, ಪ್ರಾಣಿಪಕ್ಷಿಗಳ ಪಟ್ಟಿ, ಪ್ರವಾಹದ ಗುರುತು ಎಲ್ಲ ಇರಲಿ. ಕಟ್ಟಡ ಪರವಾನಗಿ ಕೊಡುವುದರಲ್ಲಿ ಪಂಚಾಯ್ತಿಗೂ ಪಾತ್ರ ಇರುವುದರಿಂದ ಇಂಥ ನಿರ್ಣಯವನ್ನು ಬದಿಗೆ ಸರಿಸುವುದು ಸುಲಭವಲ್ಲ.

ಪ್ರವಾಹದ ಮಾತು ಬಂತು. ಇದು ನಿಮ್ಮ ಕೈಯಲ್ಲಿರುವ ಅತಿ ಗಟ್ಟಿ ವಾದ, ಆದರೆ ನಿಮ್ಮ ಪತ್ರದಲ್ಲಿ ಇದರ ಸುದ್ದಿಯೇ ಇಲ್ಲ. ಕೆಆರ್‌ಎಸ್ ಅಣೆಕಟ್ಟು 124.80 ಅಡಿ ತುಂಬಿದ ಮೇಲೆ ಮೇಲಿಂದ ಬಂದ ನೀರನ್ನೆಲ್ಲ ಕೆಳಗೆ ಬಿಡಲೇಬೇಕು. 2018ರಲ್ಲಿ, 2019ರ ಆಗಸ್ಟಿನಲ್ಲಿ ಏನಾಯಿತು ನೆನಪಿದೆ ಅಲ್ವಾ? ರಂಗನತಿಟ್ಟಿನ ನಡುಗಡ್ಡೆಗಳು ಮುಳುಗಿ ದೋಣಿವಿಹಾರ ನಿಂತಿತ್ತು. ಆಗ ನಿಮ್ಮೂರಲ್ಲಿ ನೀರು ಎಲ್ಲಿಯವರೆಗೆ ಬಂತು? ಯಾರ ಮನೆಯ ಗೋಡೆಯಲ್ಲಿ, ಯಾವ ಪಂಪ್‌ಸೆಟ್ ಶೆಡ್ಡಿನಲ್ಲಿ ಗುರುತಿದೆ? ಊರ ಹುಡುಗರ ಫೋನಿನಲ್ಲಿ ಆಗಿನ ಫೋಟೋ, ವಿಡಿಯೋ ಇದ್ದೇ ಇರುತ್ತವೆ. ದಿನಾಂಕದ ಸಮೇತ ಕೂಡಿಸಿ, ನಕಾಶೆಯ ಮೇಲೆ ಆ ಗೆರೆ ಎಳೆಯಿರಿ. ಆ 14 ಎಕರೆಯಲ್ಲಿ ಅರ್ಧ ನೀರಲ್ಲಿತ್ತು ಎಂದಾದರೆ ಅಲ್ಲಿ ಕಟ್ಟುವ ಕಾಟೇಜಿಗೆ ಅನುಮತಿ ಕೊಡುವ ಅಧಿಕಾರಿ ಎರಡು ಸಲ ಯೋಚಿಸುತ್ತಾರೆ. ಹೊಳೆಯ ಪಕ್ಕದ ಬಯಲು ಉಕ್ಕಿದ ನೀರಿಗೆ ಮೀಸಲಾದ ಜಾಗ. ಅದಕ್ಕೆ ಗೋಡೆ ಕಟ್ಟಿದರೆ ನೀರು ಕಮ್ಮಿಯಾಗುವುದಿಲ್ಲ, ಇಕ್ಕಟ್ಟಿನಲ್ಲಿ ರಭಸವಾಗಿ ಎದುರು ದಡವನ್ನು ಕೊರೆಯುತ್ತದೆ. ಎದುರು ದಡದ ಊರಿನವರಿಗೆ ಈ ಮಾತು ಹೇಳಿ. ರೆಸಾರ್ಟ್ ಇರುವುದು ನಿಮ್ಮ ಕಡೆ, ಗದ್ದೆ ಕೊಚ್ಚಿಹೋಗುವುದು ಅವರ ಕಡೆ. ಅವರ ಪಂಚಾಯ್ತಿಯ ನಿರ್ಣಯವೂ ಬಂದರೆ ನಿಮ್ಮ ಬಲ ಇಮ್ಮಡಿ.

ಇಲ್ಲಿ ಹಿಮಾಚಲದ ಒಂದು ತೀರ್ಪನ್ನು ಹೇಳಲೇಬೇಕು. ಬಿಯಾಸ್ ನದಿಯ ದಂಡೆಯಲ್ಲಿ ಸ್ಪ್ಯಾನ್ ಮೋಟೆಲ್ಸ್ ಎನ್ನುವ ಕಂಪನಿಯ ಹೋಟೆಲಿತ್ತು. ಪಕ್ಕದ ಅರಣ್ಯ ಭೂಮಿಯನ್ನೂ ಗುತ್ತಿಗೆಗೆ ಪಡೆದು, ತಮ್ಮ ಕಟ್ಟಡಕ್ಕೆ ನೀರು ನುಗ್ಗದಿರಲಿ ಎಂದು ಬುಲ್ಡೋಜರ್ ತಂದು ನದಿಯ ಹರಿವನ್ನೇ ತಿರುಗಿಸಿದ್ದರು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಗುತ್ತಿಗೆಯನ್ನು ರದ್ದು ಮಾಡಿತು. ಎಂ.ಸಿ. ಮೆಹ್ತಾ ವಿರುದ್ಧ ಕಮಲ್‌ನಾಥ್ ಎಂದು ಆ ಮೊಕದ್ದಮೆಯ ಹೆಸರು. ನದಿ, ದಂಡೆ, ಕಾಡು, ಇವು ಜನರ ಪರವಾಗಿ ಸರ್ಕಾರ ನೋಡಿಕೊಳ್ಳಬೇಕಾದ ಆಸ್ತಿ, ಖಾಸಗಿ ಲಾಭಕ್ಕೆ ಬಿಟ್ಟುಕೊಡುವಂತಿಲ್ಲ ಎನ್ನುವ ತತ್ವ ನಮ್ಮ ಕಾನೂನಿನಲ್ಲಿ ನೆಲೆಯೂರಿದ್ದು ಅದರಿಂದ. ಒಂದು ರೆಸಾರ್ಟಿಗೂ ಒಂದು ಹೊಳೆಗೂ ನಡುವಿನ ಜಗಳದಲ್ಲೇ ಆ ತತ್ವ ಹುಟ್ಟಿದ್ದು ನಿಮಗೆ ದೊಡ್ಡ ಆಸರೆ. ನಿಮ್ಮ ಪ್ರತಿ ಅರ್ಜಿಯಲ್ಲೂ ಇದನ್ನು ಒಂದು ಸಾಲಿನಲ್ಲಿ ಬರೆಯಿರಿ.

ಇನ್ನು ಅರ್ಜಿ ಎಲ್ಲಿ ಹಾಕಬೇಕು ಎನ್ನುವುದು. ಕೃಷಿ ಜಮೀನಿನಲ್ಲಿ ರೆಸಾರ್ಟ್ ಕಟ್ಟಲು ಸಾಮಾನ್ಯವಾಗಿ ಭೂಪರಿವರ್ತನೆ ಆಗಬೇಕು, ಅಂದರೆ ಭೂ ಕಂದಾಯ ಕಾಯ್ದೆಯ 95ನೇ ಕಲಂ ಅಡಿ ಜಿಲ್ಲಾಧಿಕಾರಿಯ ಆದೇಶ. ಅದು ಆಗಿದೆಯಾ? ಪಹಣಿಯ ಷರಾ ಕಾಲಂ ನೋಡಿದರೆ ಸುಳಿವು ಸಿಗುತ್ತದೆ. ಆಗಿಲ್ಲ ಎಂದಾದರೆ ನಿಮ್ಮ ಅದೃಷ್ಟ, ಇವತ್ತೇ ಜಿಲ್ಲಾಧಿಕಾರಿಗೆ ಆಕ್ಷೇಪಣೆ ಕೊಡಿ. ತಡ ಮಾಡಬೇಡಿ, ನಿಗದಿತ ಗಡುವಿನೊಳಗೆ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಂತೆಯೇ ಎಂಬ ನಿಯಮವೂ ಆ ಕಲಮಿನಲ್ಲಿದೆ. ಊರು ಯಾವುದಾದರೂ ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ದರೆ ಮಾಸ್ಟರ್ ಪ್ಲಾನಿನಲ್ಲಿ ಆ ಸರ್ವೆ ನಂಬರಿಗೆ ಯಾವ ಬಣ್ಣ ಇದೆ ನೋಡಿ. ಹಸಿರು ಅಥವಾ ಕೃಷಿ ವಲಯ ಎಂದಿದ್ದರೆ ಭೂಬಳಕೆ ಬದಲಾವಣೆ ಬೇಕಾಗುತ್ತದೆ, ಅದಕ್ಕೆ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಆ ಪ್ರಕಟಣೆ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ, ಗಡುವು ಹದಿನೈದು ದಿನದಷ್ಟೇ ಇರಬಹುದು. ಊರಲ್ಲಿ ಯಾರಾದರೂ ಒಬ್ಬರು ದಿನಾ ಸ್ಥಳೀಯ ಪತ್ರಿಕೆಯ ಪ್ರಕಟಣೆಗಳನ್ನು ಓದುವ ಜವಾಬ್ದಾರಿ ಹೊತ್ತುಕೊಳ್ಳಲಿ.

ಪ್ಲಾನಿನ ಹಂತಕ್ಕೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ಬೆಂಗಳೂರಿನ ಕೆರೆಗಳ ವಿಚಾರದಲ್ಲಿ ಪರಿಸರದ ಮೊಕದ್ದಮೆ ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಕೆರೆ ಸುತ್ತ 75 ಮೀಟರ್ ಬಿಡಬೇಕು ಎಂದು ಆದೇಶ ಮಾಡಿತು. ಎಲ್ಲರೂ ಖುಷಿಪಟ್ಟೆವು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಮಾಸ್ಟರ್ ಪ್ಲಾನ್ 30 ಮೀಟರ್ ಎಂದಿದ್ದರೆ ಅದನ್ನು ನ್ಯಾಯಮಂಡಳಿ ತಿದ್ದುವಂತಿಲ್ಲ ಎನ್ನುವುದು ಅದರ ಸಾರ. ಪ್ಲಾನಿನಲ್ಲಿ ಇಲ್ಲದ್ದನ್ನು ಆಮೇಲೆ ಕೋರ್ಟಿನಲ್ಲಿ ಗಳಿಸುವುದು ಬಹಳ ಕಷ್ಟ. ನಿಮ್ಮ ಪ್ರದೇಶದ ಪ್ಲಾನ್ ಪರಿಷ್ಕರಣೆಗೆ ಬಂದಾಗ ಹೊಳೆದಂಡೆಗೆ ಇಷ್ಟು ಮೀಟರ್ ಎಂದು ಬರೆಸುವುದು, ಮುಂದೆ ಬರಲಿರುವ ಹತ್ತು ರೆಸಾರ್ಟುಗಳನ್ನು ಇವತ್ತೇ ತಡೆದಂತೆ. ಹಾಗೆಯೇ ರಂಗನತಿಟ್ಟಿನಂಥ ಅಭಯಾರಣ್ಯದ ಸುತ್ತ ಪರಿಸರ ಸೂಕ್ಷ್ಮ ವಲಯ ಎಂದು ಒಂದು ಇರುತ್ತದೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ ಘೋಷಣೆಯಾದ ಜಾಗ ಅದು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಆ ವಲಯದ ಹಳ್ಳಿಗಳ ಪಟ್ಟಿಯಲ್ಲಿ ನಿಮ್ಮೂರು ಇದೆಯಾ ಎಂದು ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗದಲ್ಲಿ ಕೇಳಿ. ಇದ್ದರೆ ಹೊಸ ರೆಸಾರ್ಟಿಗೆ ಬೇರೆಯೇ ಕಟ್ಟುಪಾಡುಗಳಿವೆ.

ಮಾಹಿತಿ ಹಕ್ಕಿನ ಅರ್ಜಿ ನಿಮಗೆ ಗೊತ್ತೇ ಇರುತ್ತದೆ. ಹತ್ತು ರೂಪಾಯಿ, ಮೂವತ್ತು ದಿನ. ಆದರೆ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಎಲ್ಲವನ್ನೂ ಒಂದರಲ್ಲೇ ತುಂಬಿದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಭೂಪರಿವರ್ತನೆ ಕಡತಕ್ಕೆ ಒಂದು, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಗೆ ಒಂದು, ನದಿಯಿಂದ ನೀರೆತ್ತುವ ಅನುಮತಿಗೆ ಒಂದು, ಮರ ಕಡಿತಕ್ಕೆ ಒಂದು ಎಂದು ಬೇರೆ ಬೇರೆ ಹಾಕಿ.

ಹಸಿರು ನ್ಯಾಯಮಂಡಳಿಗೆ ಹೋಗುವುದು ಕೊನೆಯ ಹೆಜ್ಜೆ. ನಮ್ಮ ರಾಜ್ಯಕ್ಕೆ ಚೆನ್ನೈನ ದಕ್ಷಿಣ ಪೀಠ. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ ಸಾವಿರ ರೂಪಾಯಿ ಅಷ್ಟೇ. ದಿನದ ಲೆಕ್ಕ ಮಾತ್ರ ತಪ್ಪಬಾರದು: ಪರಿಸರ ಅನುಮತಿಯ ವಿರುದ್ಧದ ಮೇಲ್ಮನವಿಗೆ 30 ದಿನ, ಉಳಿದ ದೂರುಗಳಿಗೆ ಕಾರಣ ಹುಟ್ಟಿದ ದಿನದಿಂದ ಆರು ತಿಂಗಳು. ತಕ್ಕ ಕಾರಣ ಇದ್ದರೆ ಇನ್ನೂ 60 ದಿನ ಕೊಡಬಹುದು, ಅದರಾಚೆ ಇಲ್ಲ. ಮಣ್ಣು ಅಗೆಯಲು ಶುರುವಾದ ದಿನವನ್ನು ಫೋಟೋ ಸಮೇತ ಬರೆದಿಡಿ.

ಊರೊಳಗಿನ ಮಾತಿಗೆ ಬರೋಣ. ‘ಹುಡುಗರಿಗೆ ಕೆಲಸ ಸಿಗತ್ತೆ, ಯಾಕೆ ಅಡ್ಡ ಹಾಕ್ತೀರಿ’ ಎನ್ನುವವರು ನಿಮ್ಮ ನೆಂಟರೇ ಇರುತ್ತಾರೆ. ಅವರನ್ನು ಶತ್ರು ಮಾಡಿಕೊಳ್ಳಬೇಡಿ, ಅವರ ಪ್ರಶ್ನೆಯಲ್ಲಿ ನ್ಯಾಯವಿದೆ. ಎಷ್ಟು ಕೆಲಸ, ಯಾವ ಸಂಬಳ, ಕಾಯಂ ಆಗಿಯಾ ಎಂದು ರೆಸಾರ್ಟಿನವರಿಂದಲೇ ಬರವಣಿಗೆಯಲ್ಲಿ ಕೇಳಿ. ಆಮೇಲೆ ಹೊಳೆಯಿಂದ ಈಗ ಬದುಕುತ್ತಿರುವವರ ಲೆಕ್ಕ ಪಕ್ಕದಲ್ಲಿಡಿ: ಬೆಸ್ತರು, ದನ ಕುರಿ ಸಾಕಿದವರು, ದಂಡೆಯ ಬಾವಿ ನೀರಲ್ಲಿ ತರಕಾರಿ ಬೆಳೆಯುವವರು. ಮಂಡ್ಯ ಜಿಲ್ಲೆಯಲ್ಲೇ ಇನ್ನೊಂದು ದಾರಿ ಹಿಡಿದ ಊರು ಇದೆ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಮನೆಯಂಗಳದ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುವ ಆ ಊರು 2007ರಲ್ಲಿ ಸಮುದಾಯ ಮೀಸಲು ಎಂದು ಘೋಷಣೆಯಾಯಿತು. ಅಲ್ಲಿ ಜನ ಊರು ಬಿಡಲಿಲ್ಲ, ಜಮೀನು ಕಳೆದುಕೊಳ್ಳಲಿಲ್ಲ. ನಿಮ್ಮ ಹೊಳೆದಂಡೆಯ ಸರ್ಕಾರಿ ನೆಲಕ್ಕೆ ಸಂರಕ್ಷಣಾ ಮೀಸಲು, ಜನ ಒಪ್ಪಿದ ಖಾಸಗಿ ನೆಲಕ್ಕೆ ಸಮುದಾಯ ಮೀಸಲು ಎಂದು ಪಂಚಾಯ್ತಿಯಿಂದಲೇ ಪ್ರಸ್ತಾವ ಕಳಿಸಬಹುದು. ‘ಅದು ಬೇಡ’ ಎನ್ನುವುದರ ಜೊತೆಗೆ ‘ಇದು ಬೇಕು’ ಎನ್ನುವ ಕಾಗದವೂ ಇದ್ದರೆ ಅಧಿಕಾರಿಗಳು ಕೇಳುವ ರೀತಿಯೇ ಬೇರೆ.

ಬೆಂಗಳೂರಿನಲ್ಲಿರುವ ನಿಮ್ಮೂರಿನ ಹುಡುಗರನ್ನೂ ಜೊತೆಗೆ ಸೇರಿಸಿಕೊಳ್ಳಿ. ಶ್ರೀರಂಗಪಟ್ಟಣ ದಾಟಿದ ಕಾವೇರಿಯ ನೀರನ್ನೇ ಮುಂದೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ರಾಜಧಾನಿಗೆ ಪಂಪ್ ಮಾಡುವುದು. ದಂಡೆಯಲ್ಲಿ ಎದ್ದ ಪ್ರತಿ ರೆಸಾರ್ಟಿನ ಕೊಳಚೆ ಸೇರುವುದು ಅವರು ಕುಡಿಯುವ ನೀರಿಗೇ.

ಇಷ್ಟೆಲ್ಲ ಮಾಡಿಯೂ ಅನುಮತಿ ಸಿಕ್ಕಿಬಿಟ್ಟರೆ? ಆಗಲೂ ಕೈ ಚೆಲ್ಲಬೇಡಿ, ಷರತ್ತುಗಳಿಗಾಗಿ ಹೋರಾಡಿ. ಸರ್ವೆಯಲ್ಲಿ ಗುರುತಾದ ಸರ್ಕಾರಿ ನೆಲಕ್ಕೂ ಪ್ರವಾಹದ ಗೆರೆಯ ಒಳಗೂ ಬೇಲಿ, ಕಾಂಕ್ರೀಟ್, ಹುಲ್ಲುಹಾಸು ಬರಬಾರದು. ಹೊಳೆಮತ್ತಿ ಮರ ಒಂದೂ ಬೀಳಬಾರದು. ಹೊಳೆಯ ಕಡೆಗೆ ರಾತ್ರಿ ದೀಪ, ಧ್ವನಿವರ್ಧಕ ಇರಬಾರದು, ನೀರುನಾಯಿ ಮುಸ್ಸಂಜೆ, ಮುಂಜಾನೆಗಳಲ್ಲೇ ಜಾಸ್ತಿ ಓಡಾಡುವುದು. ಎಂಜಲು ಹೊರಗೆ ಬಿದ್ದರೆ ಬೀದಿನಾಯಿ ಸೇರುತ್ತವೆ, ಹಾಗಾಗಿ ಅಡುಗೆಮನೆಯ ಕಸ ಅದೇ ದಿನ ಜಾಗ ಬಿಡಬೇಕು. ಕೊಳಚೆ ನೀರು ಶುದ್ಧಿ ಮಾಡಿದ್ದಾದರೂ ಹೊಳೆಗೆ ಬಿಡುವಂತಿಲ್ಲ. ಇವೆಲ್ಲ ಮಾತಿನಲ್ಲಿ ಒಪ್ಪಿದರೆ ಸಾಲದು, ಭೂಪರಿವರ್ತನೆ ಆದೇಶದಲ್ಲೋ ಮಂಡಳಿಯ ಸಮ್ಮತಿ ಪತ್ರದಲ್ಲೋ ಷರತ್ತಾಗಿ ಅಚ್ಚಾಗಬೇಕು. ಆಗ ಮಾತ್ರ ಉಲ್ಲಂಘನೆಯಾದ ದಿನ ನೀವು ದೂರು ಕೊಡಬಹುದು. ಅದಕ್ಕೂ ಬೇಕಾಗುವುದು ನೀವು ಇವತ್ತಿನಿಂದ ತೆಗೆಯುವ ಫೋಟೋಗಳೇ, ಕಟ್ಟಡ ಬರುವ ಮೊದಲು ಆ ದಂಡೆ ಹೇಗಿತ್ತು ಎಂದು ತೋರಿಸಲು. ಮೊದಲ ಸುತ್ತಿಗೆ ಈ ಭಾನುವಾರ ಬೆಳಿಗ್ಗೆ ಹೋಗಿ, ಜೊತೆಗೆ ತೆಪ್ಪದವರೊಬ್ಬರು, ಒಂದು ನೋಟ್‌ಬುಕ್, ಗ್ರಾಮ ನಕಾಶೆಯ ನಕಲು ಇರಲಿ.